ಕೌಶಲದ ಜೂಜು: ಪೋಕರಿನ ಇನ್ನೂರು ವರ್ಷಗಳ ಲೆಕ್ಕ

ಗೃಹಸ್ಥನು ತೊರೆಯಬೇಕಾದ ಸಪ್ತವ್ಯಸನಗಳನ್ನು ಎಣಿಸುವಾಗ ಶ್ರಾವಕಾಚಾರ ಗ್ರಂಥಗಳು ದ್ಯೂತವನ್ನು ಮೊದಲಿಗೆ ಇರಿಸುತ್ತವೆ. ಮಾಂಸ, ಮದ್ಯ, ವೇಶ್ಯಾಸಂಗ, ಬೇಟೆ, ಕಳವು, ಪರಸ್ತ್ರೀಗಮನಗಳು ಆ ಬಳಿಕ ಬರುತ್ತವೆ. ಉಳಿದ ಆರಕ್ಕೂ ಬಾಗಿಲು ತೆರೆಯುವುದು ಜೂಜೇ ಎಂಬುದು ಈ ಕ್ರಮಕ್ಕೆ ಹಿರಿಯರು ಹೇಳಿಕೊಂಡು ಬಂದ ಕಾರಣ. ಧರ್ಮರಾಯನ ಕಥೆಯನ್ನು ಕೇಳದ ಮನೆಯಿಲ್ಲವಾದುದರಿಂದ ಈ ಮಾತಿಗೆ ಬೇರೆ ಸಮರ್ಥನೆ ಬೇಕೆಂದು ಯಾರಿಗೂ ತೋರುತ್ತಿರಲಿಲ್ಲ.

ಆದರೆ ಇತ್ತೀಚಿನ ವರ್ಷಗಳಲ್ಲಿ ವಿದ್ಯಾವಂತ ತರುಣರ ನಡುವೆ ಹೊಸದೊಂದು ವಾದ ಹುಟ್ಟಿಕೊಂಡಿದೆ. ಪೋಕರ್ ಎಂಬ ಇಸ್ಪೀಟಿನಾಟ ಅದೃಷ್ಟವನ್ನು ನಂಬಿದ ಜೂಜಲ್ಲ, ಅದು ಗಣಿತ, ತಾಳ್ಮೆ, ಮನುಷ್ಯಸ್ವಭಾವದ ಅರಿವು ಇವುಗಳನ್ನು ಬೇಡುವ ಕೌಶಲದ ಆಟ, ನ್ಯಾಯಾಲಯಗಳೂ ಹಾಗೆಂದಿವೆ, ಆದುದರಿಂದ ಹಿರಿಯರ ನಿಷೇಧ ಇದಕ್ಕೆ ಸಲ್ಲದು ಎಂಬುದೇ ಆ ವಾದ. ಆಟವನ್ನು ಬಲ್ಲವರ ನಡುವೆಯಂತೂ ಚರ್ಚೆ ಇನ್ನೂ ಮುಂದೆ ಹೋಗಿದೆ. ಕ್ಯಾಸಿನೊದಲ್ಲಿ ಎದುರುಬದುರು ಕುಳಿತು ಆಡುವ ಪೋಕರಿನಿಂದ ಈಗಲೂ ಲಾಭವುಂಟೆ, ಅದರ ಕಾಲ ಮುಗಿಯಿತೆ ಎಂದು ಅವರು ಕೇಳಿಕೊಳ್ಳುತ್ತಿದ್ದಾರೆ. ಇದನ್ನು ವ್ಯಾಪಾರದ ಪ್ರಶ್ನೆಯೆಂದೇ ಭಾವಿಸಿ, ಲೆಕ್ಕದ ಪುಸ್ತಕ ತೆರೆದು ನೋಡುವುದು ಯೋಗ್ಯ. ಆ ಆಟದ ಇತಿಹಾಸದಲ್ಲಿಯೇ ಉತ್ತರವೂ ದೊರೆಯುತ್ತದೆ.

ನದಿಯ ಹಡಗುಗಳಲ್ಲಿ

ಪೋಕರ್ ರೂಪುಗೊಂಡುದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಅಮೆರಿಕೆಯ ನ್ಯೂ ಆರ್ಲಿಯನ್ಸ್ ನಗರದ ಸುತ್ತಮುತ್ತ. ಫ್ರೆಂಚರ 'ಪೋಕ್' ಎಂಬ ಆಟದಿಂದ ಅದರ ಹೆಸರು ಬಂದಿತೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಮೊದಲು ಕೇವಲ 20 ಎಲೆಗಳಿಂದ ಆಡುತ್ತಿದ್ದ ಈ ಆಟಕ್ಕೆ ಮುಂದೆ 52 ಎಲೆಗಳ ಪೂರ್ಣ ಕಟ್ಟು ಬಳಕೆಗೆ ಬಂದಿತು. ಮಿಸಿಸಿಪಿ ನದಿಯಲ್ಲಿ ಸಂಚರಿಸುತ್ತಿದ್ದ ಉಗಿಹಡಗುಗಳು ಇದನ್ನು ಉತ್ತರಕ್ಕೆ ಒಯ್ದವು. ಇಂಗ್ಲೆಂಡಿನ ನಟ ಜೋಸೆಫ್ ಕೋವೆಲ್ 1829ರಲ್ಲಿ ಅಂತಹ ಹಡಗೊಂದರಲ್ಲಿ ಪೋಕರ್ ಆಟವನ್ನು ಕಂಡುದಾಗಿ 1844ರಲ್ಲಿ ಪ್ರಕಟವಾದ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಪೋಕರಿಗೆ ಸಂಬಂಧಿಸಿದ ಅತ್ಯಂತ ಹಳೆಯ ಉಲ್ಲೇಖಗಳಲ್ಲಿ ಅದೂ ಒಂದು.

ಹಡಗುಗಳು ಈ ಆಟಕ್ಕೆ ನೆಲೆಯಾದುದಕ್ಕೆ ಕಾರಣ ಸ್ಪಷ್ಟವಾಗಿದೆ. ಹತ್ತಿಯನ್ನು ಮಾರಿ ಹಣದೊಂದಿಗೆ ಊರಿಗೆ ಮರಳುವ ತೋಟದ ಒಡೆಯರೂ ವರ್ತಕರೂ ಅಲ್ಲಿ ದಿನಗಟ್ಟಲೆ ಬೇರೆ ಕೆಲಸವಿಲ್ಲದೆ ಕುಳಿತಿರುತ್ತಿದ್ದರು. ಅವರ ಚೀಲವನ್ನು ಹಗುರಗೊಳಿಸುವುದನ್ನೇ ವೃತ್ತಿಯಾಗಿಸಿಕೊಂಡವರು ಸಭ್ಯರ ಉಡುಪು ತೊಟ್ಟು ಅದೇ ಹಡಗುಗಳನ್ನು ಏರುತ್ತಿದ್ದರು. ಇವರ ಮೇಲೆ ಜನರಲ್ಲಿದ್ದ ರೋಷ ಎಷ್ಟಿತ್ತೆಂದರೆ, 1835ರ ಜುಲೈ ತಿಂಗಳಲ್ಲಿ ಮಿಸಿಸಿಪಿ ದಂಡೆಯ ವಿಕ್ಸ್‌ಬರ್ಗ್ ಪಟ್ಟಣದ ನಾಗರಿಕರು ಐವರು ಜೂಜುಕೋರರನ್ನು ಯಾವ ವಿಚಾರಣೆಯೂ ಇಲ್ಲದೆ ಗಲ್ಲಿಗೇರಿಸಿದರು. ಆ ಹಿಂಸೆಯನ್ನು ಯಾವ ವಿವೇಕಿಯೂ ಒಪ್ಪಲಾರನು. ಆದರೆ ಜೂಜು ಒಂದು ಊರಿನ ಮನಸ್ಸನ್ನು ಎಲ್ಲಿಯವರೆಗೆ ಕೆಡಿಸಬಲ್ಲುದು ಎಂಬುದಕ್ಕೆ ಅದು ಸಾಕ್ಷಿಯಾಗಿ ಉಳಿದಿದೆ.

ಜೂಜುಕೋರನಾಗಿದ್ದು ಬಳಿಕ ಪಶ್ಚಾತ್ತಾಪಪಟ್ಟ ಜೊನಾಥನ್ ಗ್ರೀನ್ ಎಂಬಾತನು 1843ರಲ್ಲಿ ಈ ವೃತ್ತಿಯ ಒಳಗುಟ್ಟುಗಳನ್ನು ಬಯಲುಮಾಡುವ ಪುಸ್ತಕವನ್ನು ಪ್ರಕಟಿಸಿ, ಜೂಜಿನ ವಿರುದ್ಧ ಉಪನ್ಯಾಸಗಳನ್ನೂ ನೀಡಿದನು. ಗುರುತು ಮಾಡಿದ ಎಲೆಗಳು, ಒಳಸಂಚು ಮಾಡಿಕೊಂಡ ಜೊತೆಗಾರರು, ಎಲೆ ಹಂಚುವ ಕೈಚಳಕ ಇವುಗಳೇ ಆ ಕಾಲದ 'ಕೌಶಲ'ವಾಗಿದ್ದವು. ಗಮನಿಸಬೇಕಾದ ಸಂಗತಿಯೆಂದರೆ, ಮೊದಲ ಐವತ್ತು ವರ್ಷಗಳಲ್ಲಿ ಪೋಕರಿನಿಂದ ಸ್ಥಿರವಾದ ಆದಾಯ ಗಳಿಸಿದವರು ಬಹುಮಟ್ಟಿಗೆ ವಂಚಕರೇ. ಉಳಿದವರು ಗೆದ್ದ ದಿನವನ್ನು ನೆನಪಿಟ್ಟುಕೊಂಡು ಸೋತ ದಿನಗಳನ್ನು ಮರೆತವರು.

ಮನೆಯೊಡೆಯನ ಪಾಲು

ವಂಚನೆಯನ್ನು ತಡೆಯಲು ಬಂದ ವ್ಯವಸ್ಥೆ ಪರವಾನಗಿ ಪಡೆದ ಜೂಜುಗೃಹ. ಕ್ಯಾಲಿಫೋರ್ನಿಯ ರಾಜ್ಯವು 1885ರಲ್ಲಿ ನಿಷೇಧಿಸಿದ ಆಟಗಳ ಪಟ್ಟಿಯಲ್ಲಿ ಪೋಕರಿನ ಒಂದು ಬಗೆಯನ್ನು ಸೇರಿಸಿತು. ಇನ್ನೊಂದು ಬಗೆಯನ್ನು ಸೇರಿಸಲಿಲ್ಲ. ಬಿಟ್ಟುಹೋದ ಆ ಬಗೆಯನ್ನೇ ಹಿಡಿದುಕೊಂಡು 1936ರಿಂದ ಲಾಸ್ ಏಂಜಲೀಸ್ ಬಳಿಯ ಗಾರ್ಡೀನ ಪಟ್ಟಣದಲ್ಲಿ ಇಸ್ಪೀಟು ಕ್ಲಬ್ಬುಗಳು ತಲೆಯೆತ್ತಿದವು. ಅಲ್ಲಿ ಪಣದ ಹಣದಲ್ಲಿ ಪಾಲು ಕೇಳುತ್ತಿರಲಿಲ್ಲ. ಕುಳಿತ ಕುರ್ಚಿಗೆ ಅರ್ಧ ಗಂಟೆಗೆ ಇಷ್ಟೆಂದು ಬಾಡಿಗೆ ಪಡೆಯುತ್ತಿದ್ದರು. ನೆವಾಡ ರಾಜ್ಯವು 1910ರಲ್ಲಿ ಜಾರಿಗೆ ತಂದಿದ್ದ ಜೂಜಿನ ನಿಷೇಧವನ್ನು ಆರ್ಥಿಕ ಮುಗ್ಗಟ್ಟಿನ ನಡುವೆ 1931ರ ಮಾರ್ಚ್ ತಿಂಗಳಲ್ಲಿ ತೆರವುಗೊಳಿಸಿತು. ಲಾಸ್ ವೇಗಸ್ ನಗರದ ಇಂದಿನ ಸ್ವರೂಪಕ್ಕೆ ಅಡಿಗಲ್ಲಾದುದು ಆ ಶಾಸನ.

ಇಲ್ಲಿ ಪೋಕರಿನ ಒಂದು ವೈಶಿಷ್ಟ್ಯವನ್ನು ಅರಿಯಬೇಕು. ಕ್ಯಾಸಿನೊದ ಇತರ ಆಟಗಳಲ್ಲಿ ಆಟಗಾರನು ಮನೆಯೊಡೆಯನ ವಿರುದ್ಧ ಆಡುತ್ತಾನೆ. ಪೋಕರಿನಲ್ಲಿ ಆಟಗಾರರು ತಮ್ಮತಮ್ಮೊಳಗೇ ಆಡುತ್ತಾರೆ. ಮನೆಯೊಡೆಯನು ಮೇಜು, ಎಲೆ, ಎಲೆ ಹಂಚುವವರನ್ನು ಒದಗಿಸಿ, ಪ್ರತಿ ಸುತ್ತಿನ ಪಣದಿಂದ 'ರೇಕ್' ಎಂಬ ಕಡಿತವನ್ನು ತೆಗೆದುಕೊಳ್ಳುತ್ತಾನೆ. ಯಾರು ಗೆದ್ದರೂ ಅವನಿಗೆ ಸಮಾನವೇ. ಈ ಕಾರಣದಿಂದಲೇ ಇದು ನ್ಯಾಯವಾದ ಆಟವೆಂದು ಹಲವರು ನಂಬುತ್ತಾರೆ.

ಈ ಕಡಿತದ ಪ್ರಮಾಣವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಂದು ಮೇಜಿಗೆ ಒಂಬತ್ತು ಜನರು ತಲಾ 300 ಡಾಲರ್ ಹಿಡಿದು ಕುಳಿತರೆನ್ನೋಣ. ಒಟ್ಟು 2,700 ಡಾಲರ್. ಎದುರುಬದುರು ಕುಳಿತು ಆಡುವಾಗ ಗಂಟೆಗೆ ಸುಮಾರು 30 ಸುತ್ತುಗಳು ಮುಗಿಯುತ್ತವೆ. ಪ್ರತಿ ಸುತ್ತಿನಲ್ಲಿ ಸರಾಸರಿ 4 ಡಾಲರ್ ಮನೆಗೆ ಸಂದರೆ ಗಂಟೆಗೆ 120 ಡಾಲರ್. ಗೆದ್ದವನು ಎಲೆ ಹಂಚುವವನಿಗೆ ಪ್ರತಿ ಸುತ್ತಿಗೂ ಒಂದು ಡಾಲರ್ ಭಕ್ಷೀಸು ಕೊಡುವುದು ರೂಢಿ. ಅದು 30 ಡಾಲರ್. ಹೀಗೆ ಗಂಟೆಗೆ 150 ಡಾಲರಿನಂತೆ ಎಂಟು ಗಂಟೆಗಳಲ್ಲಿ 1,200 ಡಾಲರ್ ಮೇಜಿನಿಂದ ಮಾಯವಾಗುತ್ತದೆ. ಒಂಬತ್ತು ಜನ ತಂದ ಹಣದಲ್ಲಿ ನೂರಕ್ಕೆ 44ರಷ್ಟು ಯಾರ ಗೆಲುವೂ ಆಗದೆ ಹೊರಗೆ ಹೋಯಿತು. ಉಳಿದ 1,500 ಡಾಲರನ್ನು ಒಂಬತ್ತು ಜನರು ಹಂಚಿಕೊಳ್ಳಬೇಕು. ಒಬ್ಬನು ತಾನು ತಂದ 300 ಡಾಲರಿನ ಜೊತೆಗೆ ಇನ್ನೂ 300 ಡಾಲರ್ ಲಾಭದೊಡನೆ ಎದ್ದರೆ, ಇತರ ಎಂಟು ಜನರ 2,400 ಡಾಲರಿನಲ್ಲಿ 900 ಮಾತ್ರ ಉಳಿದಿರುತ್ತದೆ.

ಬೇಸಾಯದಲ್ಲಿ ಭೂಮಿ ಕೊಡುತ್ತದೆ. ವ್ಯಾಪಾರದಲ್ಲಿ ಕೊಂಡವನಿಗೆ ಸರಕು, ಮಾರಿದವನಿಗೆ ಬೆಲೆ ದೊರೆಯುತ್ತದೆ. ಈ ಮೇಜಿನ ಮೇಲೆ ಹೊಸದಾಗಿ ಯಾವುದೂ ಹುಟ್ಟುವುದಿಲ್ಲ. ಇದ್ದುದು ಕೈ ಬದಲಾಯಿಸುತ್ತದೆ, ಪ್ರತಿ ಸಲ ಬದಲಾಗುವಾಗಲೂ ಸ್ವಲ್ಪ ಕರಗುತ್ತದೆ.

ಕೌಶಲ ಮಾರಾಟಕ್ಕೆ ಬಂದುದು

ಲಾಸ್ ವೇಗಸ್ಸಿನಲ್ಲಿ ಬೆನ್ನಿ ಬಿನಿಯನ್ ಎಂಬುವನು 1951ರಲ್ಲಿ ತೆರೆದ ಹಾರ್ಸ್‌ಶೂ ಕ್ಯಾಸಿನೊ ಪೋಕರಿಗೆ ಹೊಸ ಗೌರವವನ್ನು ತಂದುಕೊಟ್ಟಿತು. 1970ರಲ್ಲಿ ಅಲ್ಲಿ 'ವಿಶ್ವ ಪೋಕರ್ ಸರಣಿ' ಆರಂಭವಾಯಿತು. ಮೊದಲ ವರ್ಷ ಕೆಲವೇ ವೃತ್ತಿಪರರು ಸೇರಿ, ತಮ್ಮೊಳಗೆ ಶ್ರೇಷ್ಠನಾರೆಂಬುದನ್ನು ಮತದಿಂದ ತೀರ್ಮಾನಿಸಿ ಜಾನಿ ಮಾಸ್ ಎಂಬವನನ್ನು ಆರಿಸಿದರು. ಮುಂದಿನ ವರ್ಷದಿಂದ ಅದು ಒಬ್ಬನು ಉಳಿಯುವವರೆಗೆ ಆಡುವ ಸ್ಪರ್ಧೆಯಾಯಿತು. ಮುಖ್ಯ ಸ್ಪರ್ಧೆಯ ಪ್ರವೇಶಧನ ಹತ್ತು ಸಾವಿರ ಡಾಲರ್ ಎಂಬ ಪದ್ಧತಿಯೂ 1970ರ ದಶಕದಲ್ಲಿಯೇ ನೆಲೆಗೊಂಡಿತು. 1976 ಮತ್ತು 1977ರಲ್ಲಿ ಗೆದ್ದ ಡಾಯ್ಲ್ ಬ್ರನ್ಸನ್ ಆ ದಶಕದ ಕೊನೆಯಲ್ಲಿ ವೃತ್ತಿಪರರ ಉಪಾಯಗಳನ್ನೆಲ್ಲ ವಿವರಿಸುವ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಅಲ್ಲಿಯವರೆಗೆ ಬಾಯಿಂದ ಬಾಯಿಗೆ ಗುಟ್ಟಾಗಿ ಸಾಗುತ್ತಿದ್ದ ವಿದ್ಯೆ ಅಂದಿನಿಂದ ಅಂಗಡಿಯಲ್ಲಿ ದೊರೆಯುವಂತಾಯಿತು.

ಆ ಕಾಲದ ಅತ್ಯಂತ ಪ್ರತಿಭಾವಂತ ಆಟಗಾರನೆಂದು ಹೆಸರಾದವನು ಸ್ಟೂ ಉಂಗರ್. 1980, 1981 ಮತ್ತು 1997ರಲ್ಲಿ ಅವನು ಮುಖ್ಯ ಸ್ಪರ್ಧೆಯನ್ನು ಗೆದ್ದನು. ಕೊನೆಯ ಗೆಲುವಿನ ಬಹುಮಾನ ಹತ್ತು ಲಕ್ಷ ಡಾಲರ್. ಎದುರಾಳಿಯ ಕೈಯಲ್ಲಿರುವ ಎಲೆಯನ್ನು ಊಹಿಸುವುದರಲ್ಲಿ ಅವನಿಗೆ ಸಮಾನರಿರಲಿಲ್ಲವೆಂದು ಜೊತೆಯಲ್ಲಿ ಆಡಿದವರೇ ಹೇಳಿದ್ದಾರೆ. ಇಸ್ಪೀಟಿನಲ್ಲಿ ಗೆದ್ದುದನ್ನು ಕುದುರೆಜೂಜಿನಲ್ಲಿ, ಪಂದ್ಯಗಳ ಪಣದಲ್ಲಿ, ಮಾದಕದ್ರವ್ಯದಲ್ಲಿ ಕಳೆದನು. 1998ರ ನವೆಂಬರಿನಲ್ಲಿ, ತನ್ನ 45ನೆಯ ವಯಸ್ಸಿನಲ್ಲಿ, ಲಾಸ್ ವೇಗಸ್ಸಿನ ಅಗ್ಗದ ವಸತಿಗೃಹವೊಂದರ ಕೋಣೆಯಲ್ಲಿ ಸತ್ತುಬಿದ್ದಿದ್ದನು. ಅಂತ್ಯಕ್ರಿಯೆಯ ವೆಚ್ಚಕ್ಕೆ ಪರಿಚಿತರು ಹಣ ಕೂಡಿಸಬೇಕಾಯಿತು. ಒಂದು ವ್ಯಸನ ಇನ್ನೊಂದನ್ನು ಕರೆತರುತ್ತದೆಂಬ ಹಿರಿಯರ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಆಧುನಿಕ ನಿದರ್ಶನ ಬೇಕಿಲ್ಲ. ಕೌಶಲದ ಕೊರತೆಯಿಂದ ಕೆಟ್ಟವನಲ್ಲ ಅವನು.

2003ನೆಯ ವರ್ಷ ಪೋಕರಿನ ಇತಿಹಾಸದಲ್ಲಿ ದೊಡ್ಡ ತಿರುವು. ಟೆನೆಸಿ ರಾಜ್ಯದ ಲೆಕ್ಕಿಗ ಕ್ರಿಸ್ ಮನಿಮೇಕರ್ ನೂರು ಡಾಲರಿಗೂ ಕಡಿಮೆ ಶುಲ್ಕದ ಅಂತರಜಾಲ ಪಂದ್ಯವೊಂದರಿಂದ ಅರ್ಹತೆ ಪಡೆದು, ಆ ವರ್ಷದ ಮುಖ್ಯ ಸ್ಪರ್ಧೆಯಲ್ಲಿ 25 ಲಕ್ಷ ಡಾಲರ್ ಗೆದ್ದನು. ಆಟಗಾರನ ಎಲೆಯನ್ನು ಪ್ರೇಕ್ಷಕರಿಗೆ ತೋರಿಸುವ ಕ್ಯಾಮೆರಾಗಳು ಬಂದು, ದೂರದರ್ಶನದಲ್ಲಿ ಪೋಕರ್ ಜನಪ್ರಿಯವಾಗುತ್ತಿದ್ದ ಕಾಲವದು. ಸಾಮಾನ್ಯ ಗುಮಾಸ್ತನೊಬ್ಬ ಕೋಟ್ಯಧೀಶನಾದ ಸುದ್ದಿ ಎಲ್ಲೆಡೆ ಹಬ್ಬಿತು. 2003ರಲ್ಲಿ 839 ಇದ್ದ ಸ್ಪರ್ಧಿಗಳ ಸಂಖ್ಯೆ 2004ರಲ್ಲಿ 2,576, 2005ರಲ್ಲಿ 5,619, 2006ರಲ್ಲಿ 8,773ಕ್ಕೆ ಏರಿತು. 2006ರಲ್ಲಿ ಮೊದಲ ಬಹುಮಾನ ಒಂದು ಕೋಟಿ 20 ಲಕ್ಷ ಡಾಲರ್.

ಈ ಅಂಕಿಗಳ ಇನ್ನೊಂದು ಮುಖವನ್ನು ಪತ್ರಿಕೆಗಳು ಅಷ್ಟಾಗಿ ಮುದ್ರಿಸಲಿಲ್ಲ. 2006ರ ಸ್ಪರ್ಧಿಗಳು ಕೊಟ್ಟ ಪ್ರವೇಶಧನ ಸುಮಾರು ಎಂಟು ಕೋಟಿ 77 ಲಕ್ಷ ಡಾಲರ್; ಬಹುಮಾನವಾಗಿ ಹಂಚಿದುದು ಸುಮಾರು ಎಂಟು ಕೋಟಿ 25 ಲಕ್ಷ. ಹತ್ತರಲ್ಲಿ ಒಂಬತ್ತು ಜನರು ಬರಿಗೈಯಲ್ಲಿ ಮರಳಿದರು. ಗೆದ್ದವನ ಛಾಯಾಚಿತ್ರ ಎಲ್ಲರಿಗೂ ಗೊತ್ತು. ಆ ಒಂದು ಕೋಟಿ 20 ಲಕ್ಷ ಯಾವ ಮನೆಗಳಿಂದ ಬಂದಿತೆಂಬುದನ್ನು ಕೇಳಿದವರು ಕಡಿಮೆ. ಅದೇ 2006ರಲ್ಲಿ ಅಮೆರಿಕೆಯ ಸಂಸತ್ತು ಅಂತರಜಾಲ ಜೂಜಿನ ಹಣಪಾವತಿಯನ್ನು ತಡೆಯುವ ಶಾಸನವನ್ನು ಮಾಡಿತು. 2011ರ ಏಪ್ರಿಲ್ 15ರಂದು ಮೂರು ದೊಡ್ಡ ಅಂತರಜಾಲ ಸಂಸ್ಥೆಗಳ ಸ್ಥಾಪಕರ ಮೇಲೆ ಆರೋಪಪಟ್ಟಿ ಬಹಿರಂಗವಾಯಿತು. ಅಸಂಖ್ಯ ಆಟಗಾರರ ಹಣ ವರ್ಷಗಟ್ಟಲೆ ಸಿಕ್ಕಿಬಿದ್ದಿತು.

ಯಂತ್ರವು ಆಟವನ್ನು ಕಲಿತಾಗ

ಪೋಕರಿನಲ್ಲಿ ಗಣಿತವಿದೆಯೆಂಬುದು ಸುಳ್ಳಲ್ಲ. ಮಹಾಗಣಿತಜ್ಞ ಜಾನ್ ಫಾನ್ ನಾಯ್ಮನ್, ಆಸ್ಕರ್ ಮಾರ್ಗೆನ್‌ಸ್ಟರ್ನ್ ಜೊತೆ ಸೇರಿ 1944ರಲ್ಲಿ ಪ್ರಕಟಿಸಿದ ಕ್ರೀಡಾಸಿದ್ಧಾಂತದ ಗ್ರಂಥದಲ್ಲಿ ಪೋಕರಿನ ಸರಳ ಮಾದರಿಯೊಂದನ್ನು ವಿಶ್ಲೇಷಿಸಿ, ಕೈಯಲ್ಲಿ ಬಲವಿಲ್ಲದೆಯೂ ಬಲವಿರುವಂತೆ ಪಣ ಏರಿಸುವ ಹುಸಿನಡೆಗೆ ಗಣಿತದ ಆಧಾರವುಂಟೆಂದು ತೋರಿಸಿದ್ದನು. 2015ರಲ್ಲಿ ಕೆನಡದ ಆಲ್ಬರ್ಟ ವಿಶ್ವವಿದ್ಯಾನಿಲಯದ ಸಂಶೋಧಕರು, ಪಣಕ್ಕೆ ಮಿತಿಯಿರುವ ಇಬ್ಬರ ಪೋಕರನ್ನು ಗಣಕಯಂತ್ರದಿಂದ ಬಹುಮಟ್ಟಿಗೆ ಪೂರ್ಣವಾಗಿ ಬಿಡಿಸಿದುದಾಗಿ ಪ್ರಕಟಿಸಿದರು. 2017ರ ಜನವರಿಯಲ್ಲಿ ಪಿಟ್ಸ್‌ಬರ್ಗಿನ ಕ್ಯಾಸಿನೊ ಒಂದರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ 'ಲಿಬ್ರಾಟಸ್' ಎಂಬ ಯಂತ್ರಕ್ರಮವು ನಾಲ್ವರು ವೃತ್ತಿಪರರ ವಿರುದ್ಧ 20 ದಿನಗಳಲ್ಲಿ 1,20,000 ಸುತ್ತುಗಳನ್ನಾಡಿ ಜಯಿಸಿತು. 2019ರಲ್ಲಿ 'ಪ್ಲುರಿಬಸ್' ಎಂಬುದು ಆರು ಜನರ ಆಟದಲ್ಲಿಯೂ ಮನುಷ್ಯರನ್ನು ಮೀರಿಸಿತು.

ಇದರ ಪರಿಣಾಮ ಬೇಗನೆ ಕಾಣಿಸಿಕೊಂಡಿತು. ಉತ್ತಮ ನಡೆ ಯಾವುದೆಂದು ಲೆಕ್ಕ ಹಾಕಿ ಹೇಳುವ ತಂತ್ರಾಂಶಗಳು ಸಾಮಾನ್ಯರಿಗೂ ಬೆಲೆಗೆ ದೊರೆಯತೊಡಗಿದವು. ಹಿಂದೆ ಹತ್ತು ವರ್ಷದ ಅನುಭವದಿಂದ ಬರುತ್ತಿದ್ದ ತಿಳಿವಳಿಕೆ ಕೆಲವು ತಿಂಗಳ ಅಭ್ಯಾಸದಿಂದ ದಕ್ಕುವಂತಾಯಿತು. ಎಲ್ಲರ ಕೌಶಲವೂ ಏರಿದಾಗ ಕುಶಲನಿಗೂ ಸಾಮಾನ್ಯನಿಗೂ ನಡುವಣ ಅಂತರ ತಗ್ಗುತ್ತದೆ. ಅಂತರ ತಗ್ಗಿದಷ್ಟೂ ಗೆಲುವು ತಗ್ಗುತ್ತದೆ. ಮನೆಯೊಡೆಯನ ಕಡಿತ ಮಾತ್ರ ತಗ್ಗುವುದಿಲ್ಲ. ಅಂತರಜಾಲದಲ್ಲಿ ಎದುರಿಗಿರುವುದು ಮನುಷ್ಯನೋ ಯಂತ್ರವೋ ಎಂಬ ಸಂಶಯವೂ ಸೇರಿಕೊಂಡಿತು. ಕ್ಯಾಸಿನೊದ ಮೇಜಿನ ಬಳಿಯಲ್ಲಿಯೂ ವಿದ್ಯುನ್ಮಾನ ಸಾಧನಗಳ ಬಳಕೆ ವಿವಾದವಾಗಿ, 2024ರ ವಿಶ್ವ ಸರಣಿಯ ಬಳಿಕ ನಿಯಮಗಳನ್ನು ಬಿಗಿಗೊಳಿಸಬೇಕಾಯಿತು.

ಆದುದರಿಂದಲೇ ಬಲ್ಲವರು ಈಗ ಎದುರುಬದುರು ಕುಳಿತಾಡುವ ಆಟವನ್ನು ಹೊಗಳುತ್ತಾರೆ. ಕ್ಯಾಸಿನೊದ ಮೇಜಿನಲ್ಲಿ ಈಗಲೂ ಲಾಭವುಂಟೆಂದು ಅವರು ಹೇಳುವುದಕ್ಕೆ ಕಾರಣ ಒಂದೇ: ಆಟವರಿಯದವರು ಅಲ್ಲಿಗೆ ಇನ್ನೂ ಬರುತ್ತಾರೆ. ರಜೆಗೆ ಬಂದವನು, ಕುಡಿದವನು, ಬೇರೆ ಆಟದಲ್ಲಿ ಸೋತು ಮರಳಿ ಪಡೆಯಲು ಹವಣಿಸುವವನು ಇಂಥವರು ಇರುವ ಮೇಜನ್ನು ಆರಿಸಿಕೊಳ್ಳುವುದೇ ಮೊದಲನೆಯ ಕೌಶಲವೆಂದು ಈ ವಿಷಯದ ಕೈಪಿಡಿಗಳು ಬೋಧಿಸುತ್ತವೆ. ಇಂತಹ ದುರ್ಬಲ ಆಟಗಾರನಿಗೆ ಇಂಗ್ಲಿಷಿನ ಪೋಕರ್ ಪರಿಭಾಷೆಯಲ್ಲಿ 'ಮೀನು' ಎಂದು ಹೆಸರು. ನದಿಯ ಹಡಗಿನಲ್ಲಿ ಹತ್ತಿಯ ವರ್ತಕನನ್ನು ಕಾದು ಕುಳಿತವನಿಗೂ ಇವನಿಗೂ ಇರುವ ವ್ಯತ್ಯಾಸ ಇಷ್ಟೇ: ಅವನು ಎಲೆಗೆ ಗುರುತು ಹಾಕುತ್ತಿದ್ದನು, ಇವನು ಮನುಷ್ಯನನ್ನು ಗುರುತಿಸುತ್ತಾನೆ.

ಲೆಕ್ಕವನ್ನು ಕೆಡಿಸುವ ಇತರ ಸಂಗತಿಗಳೂ ಉಂಟು. ನೆವಾಡದ ಒಟ್ಟು ಜೂಜಿನ ಆದಾಯದಲ್ಲಿ ಪೋಕರಿನ ಪಾಲು ನೂರಕ್ಕೆ ಒಂದರಷ್ಟು ಮಾತ್ರ. ನಾಣ್ಯ ಹಾಕಿ ಆಡುವ ಯಂತ್ರಗಳು ಅದೇ ಜಾಗದಲ್ಲಿ ಹೆಚ್ಚು ಗಳಿಸಿಕೊಡುವುದರಿಂದ 2003ರ ಬಳಿಕ ತೆರೆದ ಅನೇಕ ಪೋಕರ್ ಕೊಠಡಿಗಳು ಮುಚ್ಚಿಹೋದವು. 1989ರಲ್ಲಿ ತೆರೆದು ಪೋಕರಿಗೆ ಹೆಸರಾಗಿದ್ದ ಮಿರಾಜ್ ಕ್ಯಾಸಿನೊ 2024ರ ಜುಲೈಯಲ್ಲಿ ಬಾಗಿಲು ಹಾಕಿತು. ವಿಶ್ವ ಸರಣಿಗೆ ಮಾತ್ರ ಜನ ಕಡಿಮೆಯಾಗಿಲ್ಲ. 2024ರ ಮುಖ್ಯ ಸ್ಪರ್ಧೆಯಲ್ಲಿ 10,112 ಪ್ರವೇಶಗಳಿದ್ದವು. ಅವುಗಳಲ್ಲಿ ನೂರಕ್ಕೆ 85ರಷ್ಟಕ್ಕೆ ಏನೂ ದೊರೆಯಲಿಲ್ಲ. 2025ರ ಜುಲೈ ತಿಂಗಳ ಅಮೆರಿಕೆಯ ತೆರಿಗೆ ಶಾಸನವು 2026ರಿಂದ ಜೂಜಿನ ಸೋಲಿನಲ್ಲಿ ನೂರಕ್ಕೆ 90ರಷ್ಟನ್ನು ಮಾತ್ರ ಗೆಲುವಿನಿಂದ ಕಳೆಯಬಹುದೆಂದು ವಿಧಿಸಿತು. ಅದರಂತೆ ಒಂದು ಲಕ್ಷ ಗೆದ್ದು ಒಂದು ಲಕ್ಷ ಸೋತವನೂ ಕೈಯಲ್ಲಿಲ್ಲದ ಹತ್ತು ಸಾವಿರಕ್ಕೆ ತೆರಿಗೆ ತೆರಬೇಕು.

ಎಲ್ಲಕ್ಕಿಂತ ಸೂಕ್ಷ್ಮವಾದುದು ಆತ್ಮವಂಚನೆ. ಗಂಟೆಗೆ 30 ಸುತ್ತಿನಂತೆ ಸಾವಿರ ಗಂಟೆ ಕುಳಿತರೂ 30,000 ಸುತ್ತುಗಳಷ್ಟೇ ಆಗುತ್ತವೆ. ಅಷ್ಟರಲ್ಲಿ ಗೆದ್ದುದು ಕೌಶಲದಿಂದಲೋ ಎಲೆಯ ಕೃಪೆಯಿಂದಲೋ ಎಂಬುದನ್ನು ನಿಶ್ಚಯಿಸುವುದು ಕಷ್ಟವೆಂದು ಗಣಿತಬಲ್ಲ ಆಟಗಾರರೇ ಒಪ್ಪುತ್ತಾರೆ. ಸೋಲುವವನು ತಾನು ಕುಶಲನೇ, ಅದೃಷ್ಟವಿಲ್ಲವಷ್ಟೇ ಎಂದು ವರ್ಷಗಟ್ಟಲೆ ನಂಬಿಕೊಂಡಿರಲು ಈ ಅನಿಶ್ಚಯ ಸಾಕು.

ಕಾನೂನು ಕೇಳುವ ಪ್ರಶ್ನೆ, ಮನೆ ಕೇಳುವ ಪ್ರಶ್ನೆ

ನಮ್ಮ ದೇಶದಲ್ಲಿ 1867ರ ಸಾರ್ವಜನಿಕ ಜೂಜು ಅಧಿನಿಯಮವೇ ಕೇವಲ ಕೌಶಲದ ಆಟಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. ಬೆಂಗಳೂರಿನಿಂದ ಪ್ರಕಟವಾಗುತ್ತಿದ್ದ ಪತ್ರಿಕೆಯೊಂದರ ಪದಬಂಧ ಸ್ಪರ್ಧೆಗಳ ಬಗ್ಗೆ ಹುಟ್ಟಿದ ಚಮರ್‌ಬಾಗ್‌ವಾಲಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1957ರಲ್ಲಿ ಜೂಜನ್ನು ಸಂವಿಧಾನ ರಕ್ಷಿಸುವ ವ್ಯಾಪಾರವೆಂದು ಎಣಿಸಲಾಗದೆಂದು ತೀರ್ಪಿತ್ತಿತು. 1968ರಲ್ಲಿ ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದು ಅದೇ ನ್ಯಾಯಾಲಯ ಹೇಳಿತು. ಪೋಕರ್ ಬಗ್ಗೆ ಉಚ್ಚ ನ್ಯಾಯಾಲಯಗಳ ಮಾತು ಒಂದೇ ಬಗೆಯದಾಗಿಲ್ಲ. ಕೌಶಲದ ಆಟವಾಗಿ ಆಡಿದಲ್ಲಿ ಪರವಾನಗಿ ಬೇಕಿಲ್ಲವೆಂದು 2013ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಹೇಳಿದರೆ, ಅದು ಜೂಜೇ ಎಂದು 2017ರಲ್ಲಿ ಗುಜರಾತಿನ ಉಚ್ಚ ನ್ಯಾಯಾಲಯ ತೀರ್ಮಾನಿಸಿತು. ಹಣವಿಟ್ಟು ಆಡುವ ಅಂತರಜಾಲ ಆಟಗಳನ್ನು ನಿಷೇಧಿಸಿ ಕರ್ನಾಟಕವು 2021ರಲ್ಲಿ ಮಾಡಿದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯ ರದ್ದುಪಡಿಸಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರ ಶಾಸನವು ಕೌಶಲ, ಅದೃಷ್ಟ ಎಂಬ ಭೇದವನ್ನೇ ಬದಿಗಿರಿಸಿ ಹಣದ ಅಂತರಜಾಲ ಆಟಗಳೆಲ್ಲವನ್ನೂ ನಿಷೇಧಿಸಿತು.

ಹೀಗೆ ಒಂದು ಬಾಗಿಲು ಮುಚ್ಚಿದಾಗ ಕಣ್ಣು ಇನ್ನೊಂದು ಬಾಗಿಲಿನತ್ತ ಹೊರಳುವುದು ಸಹಜ. ಗೋವೆಯ ಜೂಜು ಶಾಸನಕ್ಕೆ 1992ರಲ್ಲಿ ಆದ ತಿದ್ದುಪಡಿಯು ಪಂಚತಾರಾ ಹೋಟೆಲುಗಳಲ್ಲಿ ಜೂಜುಯಂತ್ರಗಳಿಗೂ, 1996ರ ತಿದ್ದುಪಡಿಯು ಹಡಗುಗಳ ಮೇಲೆ ಮೇಜಿನ ಆಟಗಳಿಗೂ ಅವಕಾಶ ಕೊಟ್ಟವು. ಬೆಳಗಾವಿ, ಹುಬ್ಬಳ್ಳಿಗಳಿಂದ ಪಣಜಿಯ ಮಾಂಡವಿ ನದಿ ಕೆಲವೇ ಗಂಟೆಗಳ ದಾರಿ. ಇನ್ನೂರು ವರ್ಷಗಳ ಹಿಂದೆ ಮಿಸಿಸಿಪಿಯಲ್ಲಿ ತೇಲುತ್ತಿದ್ದ ಮೇಜು ಈಗ ಕರ್ನಾಟಕದ ಗಡಿಯಾಚೆ ತೇಲುತ್ತಿದೆ. 2020ರ ಫೆಬ್ರವರಿ 1ರಿಂದ ಗೋವೆಯ ಸರ್ಕಾರವು ತನ್ನ ರಾಜ್ಯದ ನಿವಾಸಿಗಳಿಗೆ ಕ್ಯಾಸಿನೊ ಪ್ರವೇಶವನ್ನು ನಿಷೇಧಿಸಿತು. ಯುರೋಪಿನ ಮೊನಾಕೊ ಸಂಸ್ಥಾನವೂ ತನ್ನ ಪ್ರಜೆಗಳನ್ನು ತನ್ನ ಪ್ರಸಿದ್ಧ ಕ್ಯಾಸಿನೊದಿಂದ ದೂರವಿಟ್ಟಿದೆ. ಸ್ವಂತ ಮಕ್ಕಳಿಗೆ ಬಡಿಸಲೊಲ್ಲದ ಅಡುಗೆಯನ್ನು ಅತಿಥಿಗೆ ಬಡಿಸುವವನ ಆತಿಥ್ಯ ಎಂತಹದೆಂಬುದನ್ನು ವಿವರಿಸಬೇಕಿಲ್ಲ. ಕ್ಯಾಸಿನೊದ ಬಿಲ್ಲೆ ಕೊಳ್ಳುವ ಹಣದ ಮೇಲೆ 2023ರ ಅಕ್ಟೋಬರಿನಿಂದ ನೂರಕ್ಕೆ 28ರಂತೆ ಇದ್ದ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ 40ಕ್ಕೆ ಏರಿಸಲಾಯಿತು. ಗೆಲುವಿನ ಮೇಲೆ ನೂರಕ್ಕೆ 30ರ ಆದಾಯತೆರಿಗೆ ಬೇರೆ. ಸೋಲನ್ನು ಅದರಿಂದ ಕಳೆಯುವಂತಿಲ್ಲ. ಬರಿಯ ಲಾಭನಷ್ಟದ ದೃಷ್ಟಿಯಿಂದಲೇ ನೋಡಿದರೂ ಇಂತಹ ವ್ಯವಹಾರಕ್ಕೆ ಯಾವ ವರ್ತಕನೂ ಬಂಡವಾಳ ಹೂಡಲಾರನು.

ಆದರೆ ಇಲ್ಲಿಗೇ ನಿಲ್ಲುವುದು ಸರಿಯಲ್ಲ. ನಾಳೆ ತೆರಿಗೆ ಇಳಿಯಬಹುದು, ಕಡಿತ ತಗ್ಗಬಹುದು, ನಿಜವಾಗಿಯೂ ಕುಶಲನಾದ ತರುಣನೊಬ್ಬ ಸ್ಥಿರವಾಗಿ ಗೆಲ್ಲಬಹುದು. ಅಂತಹವರು ಇದ್ದಾರೆಂಬುದೂ ಸತ್ಯ. ಆಗ ಜೂಜು ಯೋಗ್ಯವಾದೀತೆ? ಸೋತವನು ತನ್ನಿಚ್ಛೆಯಿಂದಲೇ ಬಂದು ಕುಳಿತವನಲ್ಲವೆ, ಗೆದ್ದವನ ದೋಷವೇನು ಎಂದು ಕೇಳುವವರಿದ್ದಾರೆ. ಪ್ರಶ್ನೆ ಉಪೇಕ್ಷಿಸುವಂತಹದಲ್ಲ. ಕಾನೂನು ಕೌಶಲವುಂಟೆ ಎಂದು ಕೇಳುತ್ತದೆ, ಏಕೆಂದರೆ ಅದಕ್ಕೆ ಒಂದು ಗೆರೆ ಬೇಕು. ಮನೆಯ ಹಿರಿಯರು ಕೇಳುವುದು ಹಣ ಎಲ್ಲಿಂದ ಬಂದಿತೆಂದು. ಅದೃಷ್ಟದ ಆಟದಲ್ಲಿ ಗೆದ್ದವನಿಗೆ ಎದುರಾಳಿಯ ದೌರ್ಬಲ್ಯ ಗೊತ್ತಿರುವುದಿಲ್ಲ. ಕೌಶಲದ ಜೂಜಿನಲ್ಲಿ ಗೆಲ್ಲುವವನಿಗೆ ಅದು ಗೊತ್ತಿರಲೇಬೇಕು. ಅದನ್ನು ಅರಸಿಯೇ ಅವನು ಮೇಜನ್ನು ಆರಿಸಿರುತ್ತಾನೆ. ಇಚ್ಛೆಯಿಂದ ಬಂದವನೆಂಬ ಮಾತು ವ್ಯಸನಿಯ ವಿಷಯದಲ್ಲಿ ಅರ್ಧಸತ್ಯ. ವ್ಯಸನವೆಂದರೆ ಇಚ್ಛೆಯು ಕೈತಪ್ಪಿದ ಸ್ಥಿತಿಯೇ. ಆದುದರಿಂದ ಕೌಶಲವೆಂಬ ಕಾರಣವು ಜೂಜಿನ ದೋಷವನ್ನು ಕಡಿಮೆ ಮಾಡುವುದಿಲ್ಲ. ಅರಿವಿನಿಂದ ಮಾಡಿದ ಪರಪೀಡೆಯ ಭಾರ ಹೆಚ್ಚಿನದಾದುದರಿಂದ ಅದನ್ನು ಹೆಚ್ಚಿಸುತ್ತದೆ.

ಪರಂಪರೆಗೂ ಈ ಭೇದ ತಿಳಿಯದೆ ಇರಲಿಲ್ಲ. ಕುರುಸಭೆಯಲ್ಲಿ ನೆತ್ತದ ವಿದ್ಯೆಯನ್ನು ಚೆನ್ನಾಗಿ ಬಲ್ಲವನು ಶಕುನಿ. ಆ ಕೌಶಲಕ್ಕಾಗಿ ಅವನನ್ನು ಯಾರೂ ಗೌರವಿಸಲಿಲ್ಲ. ಕ್ರಿ.ಶ. 941ರಲ್ಲಿ ಜೈನಕವಿ ಪಂಪನು 'ವಿಕ್ರಮಾರ್ಜುನ ವಿಜಯ'ವನ್ನು ರಚಿಸಿದಾಗಲೂ ದ್ಯೂತದ ಪ್ರಸಂಗ ಮುಂದಿನ ಅನರ್ಥಗಳಿಗೆಲ್ಲ ಮೂಲವಾಗಿಯೇ ಉಳಿಯಿತು. ಇನ್ನೊಂದು ಕಡೆ ನಳಚಕ್ರವರ್ತಿಯಿದ್ದಾನೆ. ಜೂಜಿನಲ್ಲಿ ರಾಜ್ಯವನ್ನು ಕಳೆದುಕೊಂಡ ಅವನು ಋತುಪರ್ಣನಿಂದ ಅಕ್ಷವಿದ್ಯೆಯನ್ನು ಕಲಿತು ಮರಳಿ ಬಂದು ಪುಷ್ಕರನನ್ನು ಗೆಲ್ಲುತ್ತಾನೆ. ಮಹಾಭಾರತದ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಗೆದ್ದ ನಳನು ಪುಷ್ಕರನಿಗೆ ಪ್ರಾಣದಾನ ಮಾಡಿ, ಅವನ ಪಾಲಿನ ಸಂಪತ್ತನ್ನು ಅವನಿಗೇ ಬಿಟ್ಟುಕೊಟ್ಟು ಆದರದಿಂದ ಕಳುಹಿಸುತ್ತಾನೆ. ಸೋತವನ ಮನೆಯ ಚಿಂತೆಯನ್ನು ಗೆದ್ದವನು ಹೊತ್ತ ಈ ಪ್ರಸಂಗವನ್ನು ಕ್ಯಾಸಿನೊದ ಯಾವ ಮೇಜಿನಲ್ಲಿಯೂ ನಿರೀಕ್ಷಿಸುವಂತಿಲ್ಲ, ಏಕೆಂದರೆ ಹಾಗೆ ಮರಳಿಸಿದರೆ ಆ ವೃತ್ತಿಯೇ ಉಳಿಯದು.

ಗೃಹಸ್ಥನ ಸದ್ಗುಣಗಳನ್ನು ಹೇಳುವಾಗ ಆಶಾಧರರು 'ಸಾಗಾರಧರ್ಮಾಮೃತ'ದಲ್ಲಿಯೂ ಹೇಮಚಂದ್ರಾಚಾರ್ಯರು 'ಯೋಗಶಾಸ್ತ್ರ'ದಲ್ಲಿಯೂ ನ್ಯಾಯದಿಂದ ಗಳಿಸಿದ ಧನಕ್ಕೆ ಮೊದಲ ಸ್ಥಾನ ಕೊಟ್ಟಿದ್ದಾರೆ. ದಾನ, ಪೂಜೆಗಳ ಮಾತು ಆಮೇಲಿನದು. ಬಸದಿಗಳ ಆಡಳಿತ ಮಂಡಳಿಗಳಿಗೂ ಇದು ಸಲ್ಲುವ ಮಾತು. ದೊಡ್ಡ ಮೊತ್ತದ ಕಾಣಿಕೆ ಬಂದಾಗ ದಾನಿಯ ಹೆಸರನ್ನು ಶಿಲಾಫಲಕದಲ್ಲಿ ಕೆತ್ತಿಸುವ ಮುನ್ನ ಮೂಲವನ್ನು ವಿನಯದಿಂದ ವಿಚಾರಿಸುವ ಪದ್ಧತಿಯಿದ್ದರೆ, ಅದು ತರುಣರಿಗೆ ನೂರು ಉಪದೇಶಗಳಿಗಿಂತ ಹೆಚ್ಚಿನ ಪಾಠವಾದೀತು. ಮನೆಗಳಲ್ಲಿ ಈ ವಿಷಯವನ್ನು ಗದರಿಕೆಯಿಂದ ಮುಚ್ಚಿಡುವುದರಿಂದಲೂ ಪ್ರಯೋಜನವಿಲ್ಲ. ಗಣಿತ ಬಲ್ಲ ಮಗನಿಗೆ ಗಣಿತದಿಂದಲೇ ಹೇಳಬೇಕು: ಒಂಬತ್ತು ಜನರ ಮೇಜನ್ನು ಕಾಗದದ ಮೇಲೆ ಬರೆದು, ಎಂಟು ಗಂಟೆಗಳ ಕಡಿತವನ್ನು ಅವನಿಂದಲೇ ಕಳೆಯಿಸಿ, ಉಳಿದ ಹಣವನ್ನು ಅವನಿಂದಲೇ ಹಂಚಿಸಬೇಕು. ಗೆದ್ದವನ ಹೆಸರಿನ ಎದುರಿಗೆ ಬರೆದ ಪ್ರತಿಯೊಂದು ರೂಪಾಯಿಯೂ ಯಾರ ಹೆಸರಿನ ಎದುರಿನಿಂದ ಬಂದಿತೆಂಬುದನ್ನು ಆಗ ಅವನೇ ಓದಿ ಹೇಳುವನು.